ಇಪ್ಪತ್ತಮೂರು ಒಳ್ಳೆ ಎಸೆತ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ನಡುರಾತ್ರಿ ಹೋಟೆಲಿನ ಗೋಡೆಯಾಚೆಯಿಂದ ಬರುತ್ತಿದ್ದ ಆ ಸದ್ದು ಅವಳಿಗೆ ಹೊಸದಲ್ಲ. ಹೊಸ ಬ್ಯಾಟನ್ನು ಮ್ಯಾಚಿಗೆ ಒಯ್ಯುವ ಮೊದಲು ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಮೆಲ್ಲಗೆ ಬಡಿದು ಹದ ಮಾಡಬೇಕು. ತಂಡದ ಉಳಿದವರೆಲ್ಲ ಆ ಕೆಲಸವನ್ನು ಅಂಗಡಿಯವರಿಗೇ ಬಿಟ್ಟಿದ್ದಾರೆ. ಈಗಲೂ ತಾನೇ ಕೂತು ಬಡಿಯುವವನು ಒಬ್ಬನೇ. ಹದಿನೈದು ವರ್ಷದಿಂದ ದೇಶಕ್ಕೆ ಆಡುತ್ತಿರುವವನು, ಮೂವತ್ತೇಳು ತುಂಬಿದ ತಪ್ಪಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ‘ಅಜ್ಜ’ ಎನಿಸಿಕೊಂಡವನು.

ಅವಳು ತಂಡದ ವಿಡಿಯೋ ಅನಲಿಸ್ಟ್. ಬಾಲು ಬ್ಯಾಟನ್ನು ದಾಟಿ ಹೋದಾಗಲೆಲ್ಲ ಅದನ್ನು ಪರದೆಯ ಮೇಲೆ ನಿಲ್ಲಿಸಿ ನೋಡಿ, ಪಕ್ಕದಲ್ಲಿ ಕಾರಣ ಗುರುತು ಮಾಡುವುದು ಅವಳ ಕೆಲಸ. ‘ಒಳ್ಳೆ ಎಸೆತ’ ಇಲ್ಲವೇ ‘ಬ್ಯಾಟ್ಸ್‌ಮನ್ ತಪ್ಪು’. ಆರು ವರ್ಷ, ಎಣಿಸಲಾರದಷ್ಟು ಹೋಟೆಲು, ಒಂದೇ ಸೂಟ್‌ಕೇಸು. ಬೆಳಗ್ಗೆ ಒಂಬತ್ತಕ್ಕೆ ಸರಣಿಯ ಕೊನೆಯ ಟೆಸ್ಟಿಗೆ ತಂಡ ಆರಿಸುವ ಮೀಟಿಂಗು. ಅಜ್ಜನ ಜಾಗ ಉಳಿಯುವುದೂ ಹೋಗುವುದೂ ಅವಳ ವರದಿಯ ಮೇಲೆ ನಿಂತಿತ್ತು.

ಸದ್ದು ನಿಂತಿತು. ಬಾಗಿಲ ಮೇಲೆ ಯಾರೋ ಬೆರಳಿನಿಂದ ತಟ್ಟಿದರು.

“ನಿದ್ದೆ ಕೆಡಿಸಿದ್ನಾ?” ಅವನು ಸುತ್ತಿಗೆ ಹಿಡಿದೇ ನಿಂತಿದ್ದ.

“ನಿದ್ದೆ ಅಂತ ಒಂದಿದ್ರೆ ತಾನೇ ಕೆಡೋದು.”

“ಒಳಗೆ ಬರ್ಲಾ? ಕ್ಲಿಪ್ಸ್ ನೋಡ್ಬೇಕಿತ್ತು.”

“ಆ ಸುತ್ತಿಗೆ ಹೊರಗಿಟ್ಟು ಬನ್ನಿ. ಕಂಡವರು ಏನಂದ್ಕೋತಾರೆ.”

“ಒಳ್ಳೆ ವರದಿ ಬರೀರಿ ಅಂತ ಹೆದರಿಸೋಕೆ ಬಂದ ಅಂದ್ಕೋತಾರೆ.”

ಅವಳು ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅವನು ಊದಿದ ಮಂಡಿಯ ಮೇಲೆ ಕೈಯೂರಿ, ಹೊರೆ ಇಳಿಸಿದ ಹಾಗೆ ಕುರ್ಚಿಯಲ್ಲಿ ಕೂತ. ನಗುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

“ನೀವು ಕ್ಲಿಪ್ಸ್ ಹಾಕಿ ಕೊಡೋ ಟ್ಯಾಬ್ ಇವತ್ತು ಮೊದಲ ಸಲ ತೆಗೆದು ನೋಡ್ದೆ. ಕೊನೇ ನಾಲ್ಕು ಮ್ಯಾಚಲ್ಲಿ ಇಪ್ಪತ್ತಮೂರು ಸಲ ಬಾಲು ನನ್ನ ದಾಟಿ ಹೋಗಿದೆ. ಇಪ್ಪತ್ತಮೂರಕ್ಕೂ ‘ಒಳ್ಳೆ ಎಸೆತ’. ಅಷ್ಟು ಒಳ್ಳೆ ಬೌಲರ್‌ಗಳು ಭೂಮಿ ಮೇಲೇ ಇಲ್ಲ ಮೇಡಂ.”

ಅವಳ ಕಿವಿ ಬಿಸಿಯಾಯಿತು. ಆರು ವರ್ಷದಲ್ಲಿ ಒಮ್ಮೆಯೂ ಟ್ಯಾಬ್ ಮುಟ್ಟದ ಮನುಷ್ಯ ಎಂಬ ಧೈರ್ಯದಲ್ಲಿ ಅವಳಿದ್ದಳು. ಅವನ ಮುಂಗಾಲು ತಡವಾಗಿ ಬರುತ್ತಿರುವುದನ್ನು ಮೊದಲು ಕಂಡವಳು ಅವಳೇ. ಅಂದು ಔಟಾಗಿ ಬಂದವನು ಪ್ಯಾಡು ಬಿಚ್ಚದೆ ಮುಕ್ಕಾಲು ಗಂಟೆ ಗೋಡೆ ನೋಡುತ್ತ ಕೂತಿದ್ದ. ಆ ಸಂಜೆ ಅವಳು ಮೊದಲ ಸುಳ್ಳು ಬರೆದಳು. ಆಮೇಲೆ ಒಂದಕ್ಕೊಂದು ಜೊತೆಯಾಗುತ್ತ ಹೋಯಿತು. ಮನೆಯಲ್ಲಿ ಟಿವಿ ನೋಡುವ ಅಮ್ಮ ಕೂಡ ಫೋನಿನಲ್ಲಿ ಅಂದಿದ್ದಳು, “ನಿಮ್ಮ ಅಜ್ಜನ ಕಾಲು ಏಳ್ತಾನೇ ಇಲ್ಲ ಕಣೇ. ಅಡುಗೆಮನೆಯಿಂದ ಇಣುಕಿದ ನಂಗೇ ಗೊತ್ತಾಗುತ್ತೆ, ನಿಂಗೆ ಗೊತ್ತಾಗಲ್ವಾ?”

“ಯಾಕೆ ಹೀಗೆ ಮಾಡಿದ್ರಿ?” ಅವನು ಕೇಳಿದ.

“ಇನ್ನೊಂದನ್ನ ಒತ್ತೋಕೆ ಬೆರಳು ಬರ್ಲಿಲ್ಲ.”

ಅಷ್ಟು ಹೇಳುವುದಕ್ಕೆ ಅವಳಿಗೆ ಆರು ವರ್ಷ ಹಿಡಿದಿತ್ತು.

ಅವನು ತನ್ನ ಅಂಗೈಯ ಗಟ್ಟಿಬಿದ್ದ ಚರ್ಮವನ್ನು ಹೆಬ್ಬೆರಳಿನಿಂದ ಉಜ್ಜಿದ. “ನಾನು ಹೊಡೆದ ಹೊಡೆತಕ್ಕೆ ಎಷ್ಟೋ ಜನ ಪತ್ರ ಬರ್ದಿದಾರೆ. ನನ್ನ ಬ್ಯಾಟಿಗೆ ಸಿಗದ ಬಾಲಿಗೆ ಬರೆದವರು ನೀವೊಬ್ಬರೇ.”

ಮೆಲ್ಲಗೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. “ಮೊದಲನೇದು ಹಾಕಿ. ತಿದ್ದೋಣ.”

“ತಿದ್ದಿದ್ರೆ ನಾಳೆ ತಂಡದಲ್ಲಿ ನೀವಿರಲ್ಲ.”

“ಯಾರಾದ್ರೂ ಸಾಕು ಅನ್ಲಿ ಅಂತ ಎರಡು ತಿಂಗಳಿಂದ ಕಾಯ್ತಿದೀನಿ. ನಾನಾಗೇ ಬಿಡ್ತೀನಿ ಅಂತ ಎರಡು ಸಲ ಕ್ಯಾಪ್ಟನ್ ಹತ್ರ ಹೋದೆ. ಕೈ ಹಿಡ್ಕೊಂಡು, ಇದೊಂದು ಸರಣಿ ಅಣ್ಣಾ ಅಂದ. ನಂಗೆ ಇಲ್ಲ ಅನ್ನೋಕೆ ಬರಲ್ಲ, ನಿಮಗೇ ಗೊತ್ತಲ್ಲ. ಸುಸ್ತಾಗಿದೆ ಕಣ್ರೀ.”

ಒಂದೊಂದಾಗಿ ತಿದ್ದಿದರು. ಅವನು ನೋಡಿ ಹೇಳುತ್ತಿದ್ದ, “ತಪ್ಪು. ಇದೂ ತಪ್ಪು. ಇದು ನೋಡಿ, ಕಾಲಿಗೆ ಗಾರೆ ಮೆತ್ತಿದ ಹಾಗೆ ನಿಂತಿದೀನಿ.” ಅವಳು ಒತ್ತುತ್ತಿದ್ದಳು. ಹದಿನೇಳನೆಯದಕ್ಕೆ ಅವಳ ಬೆರಳು ನಿಂತಿತು.

“ಇದು ನಿಜವಾಗ್ಲೂ ಒಳ್ಳೆ ಎಸೆತ.”

“ಪಕ್ಷಪಾತ.”

“ಅಲ್ಲ. ಇದನ್ನ ಮಾತ್ರ ನಾನು ಬದಲಾಯಿಸಲ್ಲ.”

ಅವನು ಆ ಕ್ಲಿಪ್ಪನ್ನು ಮೂರು ಸಲ ಹಾಕಿ ನೋಡಿದ. ಕೊನೆಗೆ ಸೋತವನಂತೆ ತಲೆಯಾಡಿಸಿದ. “ಹೌದು. ಇದನ್ನ ಯಾವ ಮಹಾರಾಯನೂ ಆಡ್ತಿರ್ಲಿಲ್ಲ.” ಆ ರಾತ್ರಿ ಅವನ ಮುಖ ಪೂರ್ತಿ ಅರಳಿದ್ದು ಅದೊಂದೇ ಸಲ.

ಎಲ್ಲ ಮುಗಿದ ಮೇಲೆ ಅವನು ಬಾಗಿಲ ಬಳಿ ತಿರುಗಿ ನಿಂತ. “ನಾಳೆಯಿಂದ ನನ್ನ ನೋಡೋದು ನಿಮ್ಮ ಕೆಲಸ ಅಲ್ಲ.”

“ಗೊತ್ತು.”

“ಕೆಲಸ ಅಲ್ದೇ ಇದ್ರೂ ನೋಡ್ತೀರಾ?”

ಅವಳು ತಲೆಯೆತ್ತಿದಳು. ಹೆಲ್ಮೆಟ್ಟಿನ ಸರಳುಗಳ ಹಿಂದೆಯೇ ಇಷ್ಟು ವರ್ಷ ನೋಡಿದ ಮುಖ. ಕಣ್ಣಂಚಿನಲ್ಲಿ, ಬಿಸಿಲು ತಾಗದೆ ಉಳಿದ ಬಿಳಿಯ ಸಣ್ಣ ಗೆರೆಗಳು ಯಾವ ಪರದೆಯಲ್ಲೂ ಅವಳಿಗೆ ಕಂಡಿರಲಿಲ್ಲ.

“ನೋಡ್ತೀನಿ,” ಅಂದಳು.

ಬೆಳಗಿನ ಮೀಟಿಂಗಿನಲ್ಲಿ ಕೋಚು ವರದಿಯನ್ನು ಎರಡು ಬಾರಿ ಓದಿದರು. “ಮೊನ್ನೆವರೆಗೂ ಎಲ್ಲ ಒಳ್ಳೆ ಎಸೆತ ಆಗಿತ್ತಲ್ಲಮ್ಮ?”

“ನಾನು ತಪ್ಪಾಗಿ ಹಾಕಿದ್ದೆ ಸರ್. ಮತ್ತೆ ಕೂತು ನೋಡ್ದೆ.”

ಕೋಚು ಅಜ್ಜನ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ಹೊರಬಂದ ಮೇಲೆ ಕ್ಯಾಪ್ಟನ್ ಕಾರಿಡಾರಿನಲ್ಲಿ ಅವಳನ್ನು ತಡೆದ. ಅವನ ಕಣ್ಣು ಕೆಂಪಾಗಿತ್ತು. “ಒಂದೇ ಒಂದು ಮ್ಯಾಚು. ಮರ್ಯಾದೆಯಿಂದ ಆಡಿ ಹೋಗ್ತಿದ್ರು. ಒಂದೇ ರಾತ್ರಿಲಿ ಮನುಷ್ಯನ ಮುಗಿಸಿಬಿಟ್ರಲ್ಲ. ಏನು ಕಲ್ಲು ಮನಸ್ಸು ರೀ ನಿಮ್ಮದು.”

ಅವರೇ ಕೇಳಿ ತಿದ್ದಿಸಿದ್ದು ಎಂಬ ಮಾತು ಅವಳ ನಾಲಿಗೆ ತುದಿಗೆ ಬಂತು. ಆಡಿದರೆ ತನ್ನ ಮೇಲಿನ ಅಪವಾದ ಅಲ್ಲೇ ಕಳಚುತ್ತಿತ್ತು. ಆದರೆ ಈ ಹುಡುಗ ಆ ಕ್ಷಣವೇ ಓಡಿಹೋಗಿ ಅಜ್ಜನ ಕೈ ಹಿಡಿಯುತ್ತಾನೆ. ಅವನು ಇಲ್ಲ ಎನ್ನಲಾರ. ಊದಿದ ಮಂಡಿಗೆ ಬಟ್ಟೆ ಸುತ್ತಿ ಮತ್ತೆ ಪ್ಯಾಡು ಕಟ್ಟುತ್ತಾನೆ.

“ನನ್ನ ಕೆಲಸ ನಾನು ಮಾಡಿದೀನಿ,” ಅಂದಳು.

ಕ್ಯಾಪ್ಟನ್ ಮುಖ ತಿರುಗಿಸಿ ನಡೆದ. ಮಧ್ಯಾಹ್ನದ ಹೊತ್ತಿಗೆ ಇಡೀ ತಂಡ ಹಾಗೆಯೇ ಮುಖ ತಿರುಗಿಸುತ್ತದೆಂದು ಅವಳಿಗೆ ಗೊತ್ತಿತ್ತು. ತಿರುಗಿಸಲಿ. ಅಜ್ಜ ಈಗ ನಿದ್ದೆ ಮಾಡುತ್ತಿರಬಹುದು. ಈ ಮಾತು ಯಾರಿಗೂ ಹೇಳುವುದಿಲ್ಲ, ಸಂಜೆ ಫೋನು ಮಾಡುವ ಅಮ್ಮನಿಗೂ ಇಲ್ಲ ಎಂದು ಅವಳು ನಿರ್ಧರಿಸಿದಳು.