ಭಾನುವಾರ ಕಾಣೆಯಾದ ಮೋಡೆಮ್

ಹೆಂಡತಿಯ ಪಾಠ ಶುರುವಾಗುವ ಹೊತ್ತಾಯಿತೆಂದು ಚನ್ನೇಶ ಕಂಪ್ಯೂಟರಿನ ಮೇಲಿನ ಹೊದಿಕೆ ಸರಿಸಿದ. ಮೋಡೆಮ್ ಇರಲಿಲ್ಲ.

ಮೇಜಿನ ಧೂಳಿನಲ್ಲಿ ಅದು ಕೂತಿದ್ದ ಜಾಗ ಮಾತ್ರ ಸ್ವಚ್ಛವಾಗಿ ಉಳಿದಿತ್ತು. ಫೋನಿನ ತಂತಿಯಲ್ಲಿ ಬರುವ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಮುಟ್ಟಿಸುವ ಕರಿ ಡಬ್ಬಿ ಅದು. ಚನ್ನೇಶ ಮೇಜಿನ ಕೆಳಗೆ ಬಗ್ಗಿ ನೋಡಿದ, ಕಪಾಟಿನ ಹಿಂದೆ ಕೈ ಹಾಕಿ ನೋಡಿದ. ಸಿಗಲಿಲ್ಲ. ಪಕ್ಕದಲ್ಲೇ ಇದ್ದ ಹೆಡ್‌ಫೋನ್, ಗೂಟಕ್ಕೆ ನೇತುಬಿದ್ದಿದ್ದ ಅವನ ಕೈಗಡಿಯಾರ — ಅವನ್ನು ಯಾರೂ ಮುಟ್ಟಿರಲಿಲ್ಲ. ಹೋಗಿದ್ದು ಮೋಡೆಮ್ ಒಂದೇ.

ರಾಣೆಬೆನ್ನೂರಿನ ಆ ಓಣಿಯ ತುಂಬ ಸಂಜೆಯೊಳಗೆ ಸುದ್ದಿ ಹಬ್ಬಿತು. ಚನ್ನೇಶನ ಹೆಂಡತಿ ಶೀಲಾ ಮನೆಯಲ್ಲೇ ಕೂತು, ಎಲ್ಲೋ ದೂರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುವುದು ಓಣಿಗೆ ಒಂದು ಅಚ್ಚರಿಯಾಗಿತ್ತು. ಎರಡು ಸಾವಿರದ ಒಂಬತ್ತರ ಚಳಿಗಾಲ ಅದು. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಚನ್ನೇಶ ಗಿರಾಕಿಗಳಿಗೆಲ್ಲ ಅದನ್ನು ಹೇಳಿಕೊಂಡು ಬೀಗುತ್ತಿದ್ದ. ಭಾನುವಾರದ ಅಡುಗೆಯನ್ನು ಅವನ ತಾಯಿ ಶೇಖವ್ವ ತಾನೇ ಮೈಮೇಲೆ ಹಾಕಿಕೊಂಡಿದ್ದಳು. ಸೊಸೆ ಪರದೆಯ ಮುಂದೆ ಕೂತಾಗ ಮನೆಯಲ್ಲಿ ಪಾತ್ರೆ ಸದ್ದಾಗಕೂಡದು ಎಂಬುದು ಅವಳದೇ ಕಟ್ಟಪ್ಪಣೆ.

ಸಂಜೆ ಹಾವೇರಿಯಲ್ಲಿ ಹೊಳಿಯಪ್ಪನ ಮನೆಯ ಫೋನ್ ರಿಂಗಾಯಿತು. ಹೊಳಿಯಪ್ಪ ಪೊಲೀಸ್ ಇಲಾಖೆಯಲ್ಲಿ ಜಮಾದಾರನಾಗಿ ನಿವೃತ್ತನಾದವನು. ಶೀಲಾಳ ಸೋದರಮಾವ. ತಂದೆ ಇಲ್ಲದ ಆ ಹುಡುಗಿಯನ್ನು ಪಿಯುಸಿ ಪರೀಕ್ಷೆಗೆ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವನು, ಅವಳು ಪಾಸಾದಾಗ ಠಾಣೆಗೆಲ್ಲ ಪೇಡೆ ಹಂಚಿದವನು.

ಚನ್ನೇಶ ಒಂದೇ ಉಸಿರಿಗೆ ಎಲ್ಲ ಹೇಳಿದ. ಅನುಮಾನ ಟೀವಿ ಕೇಬಲ್ಲಿನ ಮೈಲಾರೆಪ್ಪನ ಮೇಲೆ. ಊಟವಾದ ಮೇಲೆ ಅವನು ಮಾಳಿಗೆಯ ಮೇಲಿನ ಕೇಬಲ್ ಸರಿಮಾಡಲು ಬಂದಿದ್ದ. ಮಾಳಿಗೆಯ ಮೆಟ್ಟಿಲಿಗೆ ಕಂಪ್ಯೂಟರ್ ಕೋಣೆಯನ್ನು ಹಾಯ್ದೇ ಹೋಗಬೇಕು. ಮನೆಯವರೆಲ್ಲ ಆಗ ಒಳಗೆ ಅಡ್ಡಾಗಿದ್ದರು. ನಾಳೆ ಠಾಣೆಗೆ ಹೋಗಿ ದೂರು ಕೊಡುತ್ತೇನೆ ಎಂದ ಚನ್ನೇಶ.

ಹೊಳಿಯಪ್ಪನಿಗೆ ಠಾಣೆ ಗೊತ್ತಿತ್ತು. ಒಮ್ಮೆ ಹೆಸರು ಬಿದ್ದರೆ ಮೈಲಾರೆಪ್ಪನನ್ನು ಇಡೀ ದಿನ ಕೂರಿಸುತ್ತಾರೆ. ಆಮೇಲೆ ಯಾವ ಮನೆಯವರು ಅವನನ್ನು ಮಾಳಿಗೆ ಹತ್ತಿಸಿಯಾರು?

“ನಾಳೆ ಸಂಜೀತನಕ ತಡಿ ಚನ್ನೇಶ,” ಎಂದ. “ನಾ ಬರ್ತೀನಿ.”

ಫೋನ್ ಇಟ್ಟ ಮೇಲೂ ಅವನ ಕೈ ಅದರ ಮೇಲೇ ಇತ್ತು. ಮೋಡೆಮ್ ಚನ್ನೇಶ ಈಗ ಮಾತಾಡಿದ ಮನೆಯ ಫೋನಿನ ತಂತಿಗೇ ಸೇರಿಕೊಂಡಿತ್ತಲ್ಲ? ಅದು ಹೋದ ಮೇಲೂ ಆ ಮನೆಯ ಫೋನ್ ಹೇಗೆ ನಡೆಯುತ್ತಿದೆ?

ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ಅವನು ರಾಣೆಬೆನ್ನೂರಿನಲ್ಲಿದ್ದ. ಶೀಲಾ ಕೆಲಸಕ್ಕೆ ಹೊರಟು ನಿಂತಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಅವಳಿಗೆ ನೌಕರಿ. ಮಾವನನ್ನು ಕಂಡು ನಕ್ಕಳು. ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಹೊಳಿಯಪ್ಪ ನೆಟ್ಟಗೆ ಗೋಡೆಯ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಮೋಡೆಮ್ಮಿಗೆ ಹೋಗುತ್ತಿದ್ದ ತಂತಿಯನ್ನು ಬಿಚ್ಚಿ, ಫೋನಿನ ತಂತಿಯನ್ನು ನೇರವಾಗಿ ಗೋಡೆಯ ಡಬ್ಬಿಗೆ ಸಿಕ್ಕಿಸಿದ್ದರು. ಇದನ್ನು ಮಾಡಿದ್ದು ನೀನೇನು ಎಂದು ಚನ್ನೇಶನನ್ನು ಕೇಳಿದ. ಅವನು ಇಲ್ಲವೆಂದ. ತಾನು ನೋಡಿದಾಗಲೇ ಹಾಗಿತ್ತಂತೆ.

“ಕಡೀಕ ಅದನ್ನ ಯಾವಾಗ ನೋಡಿದಿ ಶೀಲಾ?”

“ನಿನ್ನೆ ಊಟಕ್ಕ ಮುಂಚೆ, ಮಾಮಾ. ಒಬ್ಬಾಕೀನ ಕುಂತು ಹಳೇ ಪಾಠ ನೋಡಿದೆ. ಆವಾಗ ಇತ್ತು. ಹಸಿರು ದೀಪ ಮಿಣಕತಿತ್ತು.”

“ಆಮ್ಯಾಲೆ?”

“ಆಮ್ಯಾಲೆ ಗೊತ್ತಿಲ್ಲ. ಬಸ್ ಬರ್ತೈತಿ ಮಾಮಾ, ಹೋಗ್ಲಿ?”

ಬುತ್ತಿಯ ಚೀಲವನ್ನು ಎದೆಗವಚಿಕೊಂಡು ಅವಳು ಹೊರಟುಹೋದಳು. ಚನ್ನೇಶ ಅಂಗಡಿಗೆ ಹೋದ. ಅವನಂತೂ ಹಿಂದಿನ ದಿನ ಗುತ್ತಲದ ಕಡೆ ಪಂಪ್‌ಸೆಟ್ ರಿಪೇರಿಗೆ ಹೋಗಿ ಊಟದ ಹೊತ್ತಿಗೆ ಬಂದಿದ್ದ.

ಶೇಖವ್ವ ಚಹಾ ತಂದಳು. “ತಗೋರಿ ಬೀಗರ. ನಿನ್ನೆ ಯಾಕೋ ದಿನಾನ ಚಲೋ ಇರಲಿಲ್ಲ ನೋಡ್ರಿ.” ಅವಳ ಮಾತಿಗೆ ಹೊಳಿಯಪ್ಪ ಅಡ್ಡ ಬರಲಿಲ್ಲ. ನಾಷ್ಟಾ ಆದೊಡನೆ ಜೋಳ ಬೀಸಿಸಲು ಗಿರಣಿಗೆ ಹೋದದ್ದು, ಕರೆಂಟ್ ಬರುತ್ತದೆಂದು ಅಲ್ಲೇ ಕಟ್ಟೆಯ ಮೇಲೆ ಕೂತದ್ದು, ಊಟದ ಹೊತ್ತಾದರೂ ಬಾರದೆ ಜೋಳವನ್ನು ಹಾಗೇ ಹೊತ್ತು ತಂದದ್ದು, ಮಗನಿಗೆ ರೊಟ್ಟಿಯಿಲ್ಲದೆ ಬರೀ ಅನ್ನ ಬಡಿಸಿದ್ದು — ಎಲ್ಲ ಹೇಳಿದಳು. ಊಟವಾಗಿ ಎಷ್ಟೋ ಹೊತ್ತಿನ ಮೇಲೆ ಕರೆಂಟ್ ಬಂತಂತೆ. ಒಂದೇ ಸಮಾಧಾನವೆಂದರೆ ಗದಗಿನಿಂದ ಮಗಳ ಫೋನ್ ಬಂದದ್ದು. ಪ್ರತಿ ಭಾನುವಾರ ಸಂಜೆ ಮಗಳ ದನಿ ಕೇಳದಿದ್ದರೆ ಅವಳಿಗೆ ಗಂಟಲಲ್ಲಿ ತುತ್ತಿಳಿಯುತ್ತಿರಲಿಲ್ಲ.

“ಶೀಲಾ ಓದೂದು ನಿಮಗ ತ್ರಾಸ ಆಗೈತೇನ್ರಿ?” ಎಂದು ಹೊಳಿಯಪ್ಪ ನೇರವಾಗಿ ಕೇಳಿದ.

ಶೇಖವ್ವ ಸಿಟ್ಟಾಗಲಿಲ್ಲ. “ಸೊಂಟ ನೋಯ್ತೈತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ನಾ ಅಕ್ಷರ ಕಲೀಲಿಲ್ಲ ಬೀಗರ. ನನ್ನ ಸೊಸಿ ಡಿಗ್ರಿ ಮಾಡಾಕತ್ತಾಳ ಅಂತ ಹೇಳಾಕ ನನಗ ಎಷ್ಟು ಹಿಗ್ಗು ಗೊತ್ತೈತೇನು?”

ಬಸ್ ನಿಲ್ದಾಣದ ದಾರಿಯಲ್ಲಿ ಹೊಳಿಯಪ್ಪ ಮೈಲಾರೆಪ್ಪನ ಮನೆಗೂ ಹೋಗಿಬಂದ. ಮೈಲಾರೆಪ್ಪ ಕೇಬಲ್ಲಿನ ಸುರುಳಿಯ ಪಕ್ಕ ಸುಮ್ಮನೆ ಕೂತಿದ್ದ. ಬೆಳಿಗ್ಗೆಯೇ ಎರಡು ಮನೆಯವರು ಇವತ್ತು ಬರುವುದು ಬೇಡವೆಂದಿದ್ದರು. ಹೆಂಡತಿ ಹಿಂದಿನ ದಿನದಿಂದ ಉಂಡಿರಲಿಲ್ಲ. ಸಂಜೆ ಚನ್ನೇಶನ ಮನೆಗೆ ಬಾ ಎಂದಾಗ ಅವನು ಆಗಲಿ ಎಂದಷ್ಟೇ ಹೇಳಿದ.

ಹೊಳಿಯಪ್ಪ ಬ್ಯಾಡಗಿಯ ಬಸ್ಸು ಹತ್ತಿದ. ಯಾರು ಎಂಬುದು ಅವನಿಗೆ ಹೆಚ್ಚುಕಡಿಮೆ ಗೊತ್ತಾಗಿತ್ತು. ಯಾಕೆ ಎಂಬುದು ಗೊತ್ತಾಗಿರಲಿಲ್ಲ.

ಊಟದ ಹೊತ್ತಿಗೆ ಅವನು ಕೋಲ್ಡ್ ಸ್ಟೋರೇಜ್ ಮುಟ್ಟಿದ. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಎರಡು ಸಲ ಸೀನಿದ. ಬೇವಿನ ಮರದ ಕೆಳಗೆ ಶೀಲಾ, ಜೊತೆಯಲ್ಲಿ ತೂಕದ ವಿಭಾಗದ ಮರಿಯವ್ವ. ಶೀಲಾ ಮರಿಯವ್ವನ ಡಬ್ಬಿಯಿಂದ ರೊಟ್ಟಿ ಮುರಿದು ತಿನ್ನುತ್ತಿದ್ದಳು. ತನ್ನ ಬುತ್ತಿ ಮರೆತು ಬಂದೆ ಎಂದಳು. ಆದರೆ ಚೀಲ ಅವಳ ಮಗ್ಗುಲಲ್ಲೇ ಇತ್ತು. ಅದರೊಳಗೆ ಏನೋ ಚೌಕಾಕಾರವಾಗಿ ಉಬ್ಬಿತ್ತು. ಹೊಳಿಯಪ್ಪ ಅತ್ತ ನೋಡದವನಂತೆ ಕೂತ.

ಶೀಲಾ ಕೈತೊಳೆಯಲು ಹೋದಾಗ ಮರಿಯವ್ವನನ್ನು ಮಾತಿಗೆಳೆದ. ಅವಳಿಗೂ ಯಾರಿಗಾದರೂ ಹೇಳಬೇಕಾಗಿತ್ತೇನೋ. ಹೋದ ವರ್ಷ ಆಫೀಸಿನವರು ಇಬ್ಬರನ್ನೂ ಹಾವೇರಿಗೆ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರಂತೆ. ಅಲ್ಲಿ ಶೀಲಾ ಕಲಿಸುವವರನ್ನು ಬಿಡುತ್ತಲೇ ಇರಲಿಲ್ಲ — ಯಾಕೆ, ಹೇಗೆ, ಇನ್ನೊಮ್ಮೆ ಹೇಳಿ. ಪಕ್ಕದವರೊಡನೆ ವಾದ ಮಾಡಿ ಮಾಡಿಯೇ ಎಲ್ಲರಿಗಿಂತ ಮೊದಲು ಕಲಿತಳು. ಬರುವಾಗ ಬಸ್ಸಿನಲ್ಲೂ ಅದೇ ಮಾತು, ಅದೇ ನಗು.

“ಈಗ ಸೋಮಾರ ಬಂದ್ರ ಮಾತ ಇಲ್ರೀ ಆಕಿಗೆ,” ಎಂದಳು ಮರಿಯವ್ವ. “ನಿನ್ನೆ ಪಾಠ ಹೆಂಗಾತು ಅಂದ್ರ, ಆತು ಅಂತಾಳ. ಅಷ್ಟ.”

ಹೊಳಿಯಪ್ಪನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು.

ಸಂಜೆಯ ಬಸ್ಸಿನಲ್ಲಿ ಮಾವ–ಸೊಸೆ ಒಂದೇ ಸೀಟಿನಲ್ಲಿ ಕೂತರು. ಚೀಲ ಹಿಡಿಯಲೇನು ಎಂದು ಕೇಳಿದ. ಅವಳು ಬೇಡವೆಂದು ಇನ್ನಷ್ಟು ಅಪ್ಪಿಕೊಂಡಳು. ಹೊಳಿಯಪ್ಪ ಕಿಟಕಿಯಾಚೆ ನೋಡುತ್ತ ಎರಡೇ ಮಾತು ಹೇಳಿದ — ಮೈಲಾರೆಪ್ಪನನ್ನು ಮನೆಗೆ ಕರೆಸಿದ್ದೇನೆ. ಅವನ ಹೆಂಡತಿ ನಿನ್ನೆಯಿಂದ ಉಂಡಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಮೈಲಾರೆಪ್ಪ ಬಾಗಿಲ ಬಳಿಯೇ ನಿಂತಿದ್ದ. ಹೊಳಿಯಪ್ಪ ಅವನನ್ನು ಕರೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ.

“ಕಳ್ಳ ಹೊರಗಿನಾಂವ ಅಲ್ಲ,” ಎಂದು ಶುರುಮಾಡಿದ. “ಹೊರಗಿನಾಂವ ಡಬ್ಬಿ ಕಿತ್ತಕೊಂಡು ಓಡ್ತಾನ. ಕುಂತು ಫೋನಿನ ವೈರ್ ತಿರುಗಿ ಗ್ವಾಡಿಗೆ ಸಿಗಿಸ್ತಾನೇನು? ಫೋನ್ ಬಂದ್ ಆದ್ರ ಯಾರಿಗೆ ತ್ರಾಸ? ಸಂಜೀಕ ಮಗಳ ಫೋನಿಗೆ ಕಾಯೂ ಶೇಖವ್ವಗ. ಡಬ್ಬಿ ತಗೊಂಡಾವ್ರಿಗೆ ಶೇಖವ್ವನ ಮ್ಯಾಲೆ ಅಂತಃಕರಣ ಐತಿ.”

ಚನ್ನೇಶ ತಾಯಿಯ ಮುಖ ನೋಡಿದ. ತಾಯಿ ಮಗನ ಮುಖ ನೋಡಿದಳು.

“ಇನ್ನೊಂದು. ಊಟಕ್ಕ ಮುಂಚೆ ಡಬ್ಬಿ ಇತ್ತು, ಹಸಿರು ದೀಪ ಮಿಣಕತಿತ್ತು ಅನ್ನೂ ಮಾತು ಬಂತು. ಅದರಿಂದನ ಮೈಲಾರೆಪ್ಪನ ಮ್ಯಾಲೆ ಅನುಮಾನ ಬಂತು. ಊಟದ ಮ್ಯಾಲೆ ಕಂಪ್ಯೂಟರ್ ಖೋಲಿಗೆ ಬಂದಾಂವ ಅವನೊಬ್ಬನ ಅಲ್ಲಾ?” ಹೊಳಿಯಪ್ಪ ಶೇಖವ್ವನತ್ತ ತಿರುಗಿದ. “ಬೀಗರ, ನಿನ್ನೆ ರೊಟ್ಟಿ ಯಾಕ ಮಾಡ್ಲಿಲ್ಲ?”

“ಗಿರಣಿ ನಡೀಲಿಲ್ರಿ. ಕರೆಂಟ್ ಇರಲಿಲ್ಲ.”

“ಎಲ್ಲಿತನಕ?”

“ನಾಷ್ಟಾ ಆದಾಗಿಂದ ಊಟ ಆಗಿ ಎಷ್ಟೋ ಹೊತ್ತಿನತನಕ ಇರಲಿಲ್ರಿ. ಅದಕ್ಕೂ ಇದಕ್ಕೂ ಏನ್ರಿ? ಈ ಡಬ್ಬಿ ಫೋನಿನ ಗತೇನ ಅಲ್ಲೇನು? ಕರೆಂಟ್ ಹೋದ್ರೂ ನಡೀತೈತಿ.”

“ಫೋನ್ ನಡೀತೈತ್ರಿ,” ಎಂದ ಹೊಳಿಯಪ್ಪ. “ಡಬ್ಬಿ ನಡಿಯೂದಿಲ್ಲ. ಕಂಪ್ಯೂಟರೂ ನಡಿಯೂದಿಲ್ಲ. ಅಂದ ಮ್ಯಾಲೆ ಆ ದೀಪ ನೋಡಿದೆ ಅಂದಾವ್ರು —”

ಅವನು ಅಲ್ಲಿಗೇ ನಿಲ್ಲಿಸಿದ. ಮುಂದಿನ ಮಾತು ತನ್ನ ಬಾಯಿಂದ ಬರುವುದು ಅವನಿಗೆ ಬೇಕಿರಲಿಲ್ಲ.

ಶೀಲಾ ಚೀಲದಿಂದ ಬುತ್ತಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಮೋಡೆಮ್ ಅದರೊಳಗಿತ್ತು.

“ನಾನ ತಗೊಂಡೀನಿ. ಮುಂಜಾನೆ ನೀವೆಲ್ಲ ಹೊರಗ ಹೋದ್ರಿ, ಆವಾಗ. ತೆಗೆದು ಟ್ರಂಕಿನ್ಯಾಗ ಹಾಕಿ ಹಿತ್ತಲದಾಗ ಅರಿವಿ ಒಗಿಯಾಕತ್ತಿದ್ದೆ. ಕರೆಂಟ್ ಯಾವಾಗ ಹೋತು ಅನ್ನೂದ ಗೊತ್ತಾಗ್ಲಿಲ್ಲ.” ಯಾವಾಗ ನೋಡಿದ್ದು ಎಂದು ಗಂಡ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದ್ದಳು. ಅದು ಮೈಲಾರೆಪ್ಪನ ಮೇಲೆ ಹೋಗಿ ಬೀಳುತ್ತದೆಂದು ಹೊಳೆದಿರಲಿಲ್ಲ. ಹೊಳೆದ ಮೇಲೆ, ಹೇಳುವ ಧೈರ್ಯ ಬಂದಿರಲಿಲ್ಲ.

ಅವಳು ಎದ್ದು ಮೈಲಾರೆಪ್ಪನ ಮುಂದೆ ಕೈಮುಗಿದಳು. ಅವನು ಎದ್ದು ನಿಂತ.

“ನನಗ ಹೇಳಿದ್ರ ಸಾಲೂದಿಲ್ರಿ ಅಕ್ಕಾರ,” ಎಂದ. “ಓಣಿಗೆ ಹೇಳ್ರಿ.”

ಹೇಳುತ್ತೇನೆ ಎಂದಳು ಶೀಲಾ. ಮೊದಲು ಅವನ ಜೊತೆ ಅವನ ಮನೆಗೇ ಹೋದಳು. ಶೇಖವ್ವ ಏನೂ ಕೇಳದೆ ಒಂದು ತಾಟಿನಲ್ಲಿ ಬಿಸಿ ರೊಟ್ಟಿ, ಪಲ್ಯ ಮುಚ್ಚಿಕೊಂಡು ಸೊಸೆಯ ಹಿಂದೆಯೇ ನಡೆದಳು. ಮರುದಿನ ಮುಂಜಾನೆ ನಳದ ಕಟ್ಟೆಯಲ್ಲಿ, ಕೊಡ ಹಿಡಿದ ಹೆಂಗಸರೆಲ್ಲ ಕೇಳುವಂತೆ, ಶೀಲಾ ಆ ಮಾತನ್ನು ಮತ್ತೊಮ್ಮೆ ಹೇಳಿದಳು. ಆ ವಾರ ಮೈಲಾರೆಪ್ಪನನ್ನು ಬೇಡವೆಂದಿದ್ದ ಮನೆಯವರೇ ಕರೆಯಲು ಬಂದರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅತ್ತೆ–ಸೊಸೆ ತಿರುಗಿ ಬಂದಾಗ ಚನ್ನೇಶ ಕೂತಲ್ಲೇ ಕೂತಿದ್ದ.

“ನನಗ ಒಂದ ಮಾತ ಹೇಳಬೇಕಿತ್ತು,” ಎಂದ.

“ಹೆಂಗ ಹೇಳ್ಲಿ? ನೀವು ಊರ ತುಂಬ ಹೇಳಿಕೊಂಡೀರಿ. ಅತ್ತಿ ಸೊಂಟ ಹಿಡಕೊಂಡು ಅಡಗಿ ಮಾಡ್ತಾರ. ನನಗ ಓದೂದು ಬ್ಯಾಡ ಅಂತಲ್ಲ. ಆ ಪರದೆ ಮುಂದ ಒಬ್ಬಾಕಿ ಕುಂತ್ರ ತಲೀಗೆ ಏನೂ ಹತ್ತೂದಿಲ್ಲ. ತಿಳೀಲಿಲ್ಲ ಅಂತ ಯಾರಿಗೆ ಹೇಳ್ಲಿ? ಬರದು ಕೇಳಿದ್ರ ಉತ್ತರ ಮುಂದಿನ ವಾರ ಬರ್ತೈತಿ. ಅಷ್ಟೊತ್ತಿಗೆ ನಾ ಏನ ಕೇಳಿದ್ದೆ ಅನ್ನೂದ ಮರ್ತಿರ್ತೈತಿ.” ಅವಳು ಕಣ್ಣೊರೆಸಿಕೊಂಡಳು. “ಹೋದ ವಾರ ಸವಕಳಿ ಅಂತ ಒಂದು ಪಾಠ. ಮೂರು ಸಲ ನೋಡಿದೆ. ಯಂತ್ರ ಚಲೋ ನಡ್ಯಾಕತ್ತಿದ್ರೂ ಅದರ ಬೆಲಿ ಯಾಕ ಕಡಿಮಿ ಬರೀಬೇಕು, ಇನ್ನೂ ತಿಳಿದಿಲ್ಲ.”

“ಅದು ಸರಳ ಐತಲ್ಲಾ,” ಎಂದ ಚನ್ನೇಶ, ತಲೆ ಎತ್ತದೆ. “ಮೋಟಾರ್ ಇವತ್ತು ತಿರಗಾಕತ್ತೈತಿ ಅಂತ ಹೊಸಾದು ಅಂತಾರೇನು? ಒಳಗ ವೈಂಡಿಂಗ್ ದಿನಾ ಒಂದೀಟ ಒಂದೀಟ ಸವೀತೈತಿ. ಸುಟ್ಟ ದಿನ ಒಮ್ಮೆಲೆ ಲುಕ್ಸಾನ ಬರಿಯೂಕಿಂತ, ವರ್ಷಾ ವರ್ಷಾ ಅಷ್ಟಷ್ಟ ಬರಕೊಂಡು ಹೋಗೂದು.”

ಶೀಲಾ ಗಂಡನತ್ತ ತಿರುಗಿದಳು.

“ನೀವು ಪಾಠ ಕೇಳ್ತಿದ್ರೇನು?” ಎಂದಳು ಶೀಲಾ. ಅವಳ ಹೆಡ್‌ಫೋನಿನ ಒಂದು ಕಡೆ ಕೆಟ್ಟಾಗಿನಿಂದ ಭಾನುವಾರದ ಪಾಠ ಸ್ಪೀಕರಿನಲ್ಲೇ ನಡೆಯುತ್ತಿತ್ತು. ಚನ್ನೇಶ ಹಿಂದೆ ಕೂತು ಏನೋ ರಿಪೇರಿ ಮಾಡುತ್ತಿರುತ್ತಾನೆಂದೇ ಅವಳು ತಿಳಿದಿದ್ದಳು.

ಅವನು ನಾಚಿಕೊಂಡ. ಶಾಲೆಯಲ್ಲಿ ಮಾಸ್ತರರು ಎದ್ದು ನಿಲ್ಲು ಎಂದರೆ ಸಾಕು, ನಾಲಿಗೆ ಒಣಗಿ, ಬರುವ ಉತ್ತರವೂ ಮರೆತುಹೋಗುತ್ತಿತ್ತಂತೆ. ಅದಕ್ಕೇ ಓದು ಬಿಟ್ಟು ವೈಂಡಿಂಗ್ ಕಲಿತದ್ದು. “ಇಲ್ಲೆ ಯಾರೂ ನನ್ನ ನೋಡೂದಿಲ್ಲಲ್ಲಾ. ತಿಳೀಲಿಲ್ಲಂದ್ರ ಹಿಂದಕ್ಕ ಹೋಗಿ ಮತ್ತ ಕೇಳಬಹುದು. ನೀ ಮಲಗಿದಾಗ ನಾ ಎಲ್ಲಾ ಪಾಠ ಕೇಳೀನಿ.”

ಶೇಖವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಶೀಲಾ ನಕ್ಕಳು. ಈ ಸಲ ನಗು ಕಣ್ಣಿನವರೆಗೂ ಹೋದದ್ದನ್ನು ಹೊಳಿಯಪ್ಪ ನೋಡಿದ.

ಮುಂದೇನು ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಅವಳೇ ಮರಿಯವ್ವನ ಜೊತೆ ಹಾವೇರಿಗೆ ಹೋಗಿ ವಿಚಾರಿಸಿ ಬಂದಳು. ಭಾನುವಾರ ಎದುರುಬದುರು ಕೂತು ಪಾಠ ಕೇಳುವ, ನೌಕರಿ ಮಾಡುವವರಿಗಾಗಿಯೇ ಇದ್ದ ಬಿ.ಕಾಂ. ತರಗತಿಗೆ ಜೂನಿನಲ್ಲಿ ಸೇರಿದಳು. ಒಂದು ವರ್ಷ ಹಿಂದೆ ಬಿದ್ದಂತಾಯಿತು, ಆಗಲಿ ಎಂದಳು. ಚನ್ನೇಶ ಆ ದೂರದ ಕಾಲೇಜಿನ ಲೆಕ್ಕಪತ್ರದ ಸಣ್ಣ ಕೋರ್ಸಿಗೆ ತನ್ನ ಹೆಸರು ಹಚ್ಚಿದ. ಊರಲ್ಲಿ ಯಾರಿಗೂ ಹೇಳಲಿಲ್ಲ. ಅಂಗಡಿಯ ಶಟರ್ ಇಳಿಸಿ ಬಂದು, ಹೊಸ ಹೆಡ್‌ಫೋನ್ ಹಾಕಿಕೊಂಡು ಕೂತನೆಂದರೆ ತಾಯಿ ಎರಡು ಸಲ ಕೂಗಬೇಕಾಗುತ್ತಿತ್ತು ಊಟಕ್ಕೆ.

ಮೊದಲ ತರಗತಿಯ ಭಾನುವಾರ ಮಧ್ಯಾಹ್ನ ಹೊಳಿಯಪ್ಪ ಕಾಲೇಜಿನ ಗೇಟಿನ ಬಳಿ ಕಾಯುತ್ತ ನಿಂತಿದ್ದ. ಊಟಕ್ಕೆ ಮನೆಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ತರಗತಿ ಬಿಟ್ಟಿತು. ಶೀಲಾ ಇಬ್ಬರು ಹೆಂಗಸರ ನಡುವೆ, ಕೈ ಆಡಿಸುತ್ತ, ಅದು ಹಾಗಲ್ಲ ಹೀಗೆ ಎಂದು ಯಾವುದೋ ಲೆಕ್ಕದ ಮೇಲೆ ಜೋರಾಗಿ ವಾದ ಮಾಡುತ್ತ ಬಂದಳು. ಮಾವನ ಎದುರಿಗೇ ಹಾದು ಹೋದಳು. ಅವನನ್ನು ಕಾಣಲಿಲ್ಲ.

ಹೊಳಿಯಪ್ಪ ಕೂಗಲಿಲ್ಲ. ವಾದ ಮುಗಿಯಲಿ ಎಂದು, ಎರಡು ಮಾರು ಹಿಂದೆ, ಮೆಲ್ಲಗೆ ನಡೆಯತೊಡಗಿದ.