ಪಾದ್ರಿಯ ಗಂಡ ಬರೀ ಮಿಸ್ಟರ್

ಬಿರುದು ಕಂಡರೆ ನನಗೆ ವಾಕರಿಕೆ. ಡೊಂಬಿವಲಿ ಸ್ಟೇಷನ್ ಪಕ್ಕ ಫ್ಲೆಕ್ಸ್ ಅಂಗಡಿ ಇಟ್ಟವನಿಗೆ ಇನ್ನೇನು ಬರುತ್ತದೆ? ಗಲ್ಲಿಯ ಪುಢಾರಿಯ ಹುಟ್ಟುಹಬ್ಬಕ್ಕೆ ‘ಕಾರ್ಯಸಮ್ರಾಟ’, ಅವನ ಭಾವಮೈದುನನಿಗೆ ‘ಕರ್ತವ್ಯದಕ್ಷ’. ಥೂ! ದಿನವಿಡೀ ಅದನ್ನೇ ಅಚ್ಚು ಹಾಕಿ, ಸಂಜೆ ಎಷ್ಟು ಕೈ ತೊಳೆದರೂ ಹೇಸಿಗೆ ಹೋಗುವುದಿಲ್ಲ.

ಅಂಥದ್ದರಲ್ಲಿ ಮೇ ತಿಂಗಳ ಉರಿಬಿಸಿಲಿನಲ್ಲಿ ಅವಳು ಬಂದಳು. ಕೊರಳಲ್ಲಿ ಪಾದ್ರಿಗಳ ಬಿಳಿ ಪಟ್ಟಿ, ಮೂಗಿನ ತುದಿಯಲ್ಲಿ ಬೆವರು. ಕಲ್ಯಾಣದ ನಮ್ಮ ಕನ್ನಡ ಚರ್ಚಿನ ಬ್ಯಾನರಿನ ಪ್ರೂಫನ್ನು ಮೊಬೈಲಿನಲ್ಲಿ ತೋರಿಸಿದಳು. ಅಮ್ಮ ಹೋದ ಮೇಲೆ ನಾನು ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಸೆಕ್ರೆಟರಿ ಸರ್ವೋತ್ತಮಣ್ಣ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಹಾಗೇ ಟೈಪ್ ಮಾಡಿದ್ದೆ.

“ಇಲ್ಲಿ ‘ಸಿಸ್ಟರ್ ಸೌಜನ್ಯ’ ಅಂತ ಉಂಟಲ್ಲ, ಅದು ನಾನು. ‘ರೆವರೆಂಡ್’ ಮಾಡಿ.”

ಬಂತು ನೋಡಿ ಇನ್ನೊಂದು! “‘ಕಾರ್ಯಸಾಮ್ರಾಜ್ಞಿ’ ಅಂತಲೂ ಸೇರಿಸ್ಲಾ ಮೇಡಂ?” ಎಂದೆ.

ಅವಳು ನಗಲಿಲ್ಲ. “ಮೇಲೆ ಪೃಥ್ವಿರಾಜ್‌ಗೆ ರೆವರೆಂಡ್ ಹಾಕಿದ್ದೀರಿ. ಅವನಿಗೂ ನನಗೂ ಒಂದೇ ದಿನ ದೀಕ್ಷೆ ಆದದ್ದು. ಒಬ್ಬರೇ ಬಿಷಪ್ಪರು ತಲೆ ಮೇಲೆ ಕೈ ಇಟ್ಟದ್ದು. ನಮ್ಮ ಆಂಗ್ಲಿಕನ್ ಪದ್ಧತಿಯಲ್ಲಿ ಬಿಷಪ್ಪರಿಗೆ ರೈಟ್ ರೆವರೆಂಡ್, ನಮ್ಮಂಥ ಕಿರಿಯರಿಗೆ ರೆವರೆಂಡ್. ಗಂಡಸು, ಹೆಂಗಸು ಅಂತ ಭೇದ ಇಲ್ಲ.”

“ಒಂದು ಪದಕ್ಕೆ ಕಲ್ಯಾಣದಿಂದ ಬಂದ್ರಾ?”

“ಪದಕ್ಕಲ್ಲ. ಭಾನುವಾರ ಪ್ರಭುಭೋಜನದಲ್ಲಿ ಸಭೆಗೆ ದ್ರಾಕ್ಷಾರಸ ಕುಡಿಸ್ಲಿಕ್ಕೆ ಪಾತ್ರೆ ಹಿಡಿದು ನಿಂತರೆ ನನ್ನ ಸಾಲಿಗೆ ಒಬ್ಬ ಗಂಡಸೂ ಬರುವುದಿಲ್ಲ. ಎಲ್ಲ ಪೃಥ್ವಿರಾಜನ ಕಡೆಗೆ. ಹೀಗೇ ಆದ್ರೆ ನನ್ನನ್ನ ಮಕ್ಕಳ ಸಂಡೇ ಸ್ಕೂಲಿಗೆ ತಳ್ತಾರೆ, ಅಷ್ಟೇ.” ಅವಳ ಕಣ್ಣು ತುಂಬಿತು. ಮರುಕ್ಷಣ, ನಾನೇ ಅಳಿಸಿದವನೆಂಬಂತೆ ನನ್ನನ್ನು ದುರುಗುಟ್ಟಿ ನೋಡಿದಳು.

ನನ್ನ ಮೇಲೆ ನನಗೇ ಅಸಹ್ಯವಾಯಿತು. ತಿದ್ದಿದೆ. ಸಂಜೆಗೆ ಸರ್ವೋತ್ತಮಣ್ಣನ ಫೋನು.

“ಹೆಂಗಸಿಗೆ ಎಂತ ರೆವರೆಂಡ್ ಮಾರಾಯ? ಸಿಸ್ಟರ್ ಹಾಕು. ಅದ್ರಲ್ಲೂ ಗೌರವ ಉಂಟಲ್ಲ.”

ಆ ‘ಗೌರವ’ ಕೇಳಿ ಮೈಯೆಲ್ಲ ಉರಿಯಿತು. ಬೀದಿ ಪುಂಡರನ್ನೆಲ್ಲ ಸಮ್ರಾಟರನ್ನಾಗಿ ಮಾಡಿದ ಕೈ ನನ್ನದು. ಓದಿ ದೀಕ್ಷೆ ಪಡೆದವಳಿಗೆ ಇರುವುದನ್ನೇ ಹಾಕಿದರೆ ಇವನಪ್ಪನ ಮನೆ ಗಂಟೇನು ಹೋಗುತ್ತದೆ?

ಆದರೂ, ಸುಳ್ಳೇಕೆ, ಅವನು ಹೇಳಿದಂತೆ ಪ್ರೂಫ್ ಬದಲಿಸಿ ಚರ್ಚಿನ ಗ್ರೂಪಿಗೆ ಕಳಿಸಿದೆ. ಮರುದಿನ ಅವಳು ಲೋಕಲ್ ರೈಲು ಹಿಡಿದು ಜಗಳಕ್ಕೆ ಬಂದಳು. ತಿದ್ದಿದೆ. ಮತ್ತೆ ಬದಲಿಸಿದೆ. ಮತ್ತೆ ಬಂದಳು.

“ಪುನಃ ಸಿಸ್ಟರ್ ಮಾಡಿದ್ರಾ? ಯಾಕೆ?”

“ನೀವು ಬರ್ಲಿ ಅಂತ.”

ಮೌಸಿನ ಮೇಲಿದ್ದ ನನ್ನ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಅವಳ ಕಿವಿ ಕೆಂಪಾಯಿತು. “ಸಿಸ್ಟರ್ ಅಂತ ಹಾಕುವವರು ಹೀಗೆಲ್ಲ ನೋಡ್ಬಾರ್ದು,” ಎಂದಳು.

ಅಂದೇ ‘ರೆವರೆಂಡ್ ಸೌಜನ್ಯ’ ಎಂದು ಅಚ್ಚು ಹಾಕಿದೆ. ಭಾನುವಾರ ನಾನೇ ಹೋಗಿ ಚರ್ಚಿನ ಗೇಟಿಗೆ ಕಟ್ಟಿದೆ.

“ನಿನ್ನ ಅಂಗಡಿಗೆ ಇನ್ನು ಕಾಲಿಡುದಿಲ್ಲ,” ಸರ್ವೋತ್ತಮಣ್ಣ ಹಲ್ಲು ಕಡಿದ.

“ದೊಡ್ಡ ಉಪಕಾರ,” ಎಂದು ಒಳಗೆ ಹೋದೆ.

ಪ್ರಭುಭೋಜನದ ಹೊತ್ತು ಬಂತು. ಹೆಂಗಸರು ಅವಳ ಸಾಲಿಗೆ, ಗಂಡಸರೆಲ್ಲ ನೆಲ ನೋಡುತ್ತಾ ಪೃಥ್ವಿರಾಜನ ಸಾಲಿಗೆ. ಬ್ಯಾನರು ಬದಲಾದರೆ ಬುದ್ಧಿ ಬದಲಾಗುತ್ತದೆಯೇ? ಛೀ, ದೇವರೆದುರೂ ಇದೇ ಹೊಲಸು! ಎದ್ದು ಹೋಗಿ ಹೆಂಗಸರ ಹಿಂದೆ ನಿಂತೆ. ಆ ಸಾಲಿನಲ್ಲಿ ಗಂಡಸು ನಾನೊಬ್ಬನೇ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಸರದಿ ಬಂದಾಗ ಅವಳು ಪಾತ್ರೆಯನ್ನು ನನ್ನ ತುಟಿಯವರೆಗೆ ತಂದಳು. ನಾನು ಕುಡಿದೆ.

ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ಬಂದಳು.

“ಒಂದು ಡೌಟು,” ಎಂದೆ. “ಪಾದ್ರಿಯ ಹೆಂಡತಿಗೆ ನಮ್ಮವರು ‘ಅಮ್ಮ’ ಅಂತಾರೆ. ಹೆಂಗಸು ಪಾದ್ರಿಯಾದ್ರೆ ಅವಳ ಗಂಡನಿಗೆ ಎಂತ ಅಂತಾರೆ?”

“ಎಂತದೂ ಇಲ್ಲ. ದೀಕ್ಷೆ ಆದವಳು ಅವಳು, ಅವನಲ್ಲ. ಅವನು ಬರೀ ಮಿಸ್ಟರ್.”

“ಅಬ್ಬ! ಹಾಗಾದ್ರೆ ಅದು ನನಗಿರ್ಲಿ.”

ಅವಳು ಬ್ಯಾನರಿನಲ್ಲಿದ್ದ ತನ್ನ ಹೆಸರನ್ನು ತುಂಬ ಹೊತ್ತು ನೋಡಿದಳು. “ಮದುವೆ ಕಾರ್ಡು ನೀವೇ ಅಚ್ಚು ಹಾಕ್ಬೇಕು. ನನ್ನ ಹೆಸರಿನ ಮುಂದೆ ಎಂತ ಅಂತ ಗೊತ್ತುಂಟಲ್ಲ?”

“ಗೊತ್ತುಂಟು. ಈ ಸಲ ತಿದ್ದಿಸ್ಲಿಕ್ಕೆ ನೀವು ಬರ್ಬೇಕಂತಿಲ್ಲ.”

“ಆದ್ರೂ ಬರ್ತೇನೆ,” ಎಂದಳು.