ಒಲೆಯ ಮೇಲೆ ಎತ್ತಿಟ್ಟ ತಟ್ಟೆ

ಆ ಟಿವಿಯವನ ಬಿಳಿ ಶೂ ಕಂಡಾಗಲೇ ನನಗೆ ಮೈಯೆಲ್ಲ ಉರಿಯಿತು.

ವರ್ಡೆಲ್ ನಮ್ಮ ಸವಾನಾ ಊರಿನ ಚರಿತ್ರೆ ಹೇಳುವವಳು, ಕಾಲೇಜಿನಲ್ಲಲ್ಲ, ಬೀದಿಯಲ್ಲಿ ನಿಂತು. ಆ ಭಾನುವಾರ ಐವತ್ತು ಜನರನ್ನು ಚರ್ಚಿನ ಗೋಡೆಯ ಮುಂದೆ ನಿಲ್ಲಿಸಿದ್ದಳು. "ಈ ಇಟ್ಟಿಗೆ ಮೇಲೆ ಬೆರಳಿಟ್ಟು ನೋಡಿ. ಹಸಿ ಮಣ್ಣಲ್ಲೇ ಮೂಡಿದ ಬೆರಳ ಗುರುತು. ಮಾಡಿದ್ದು ನಮ್ಮ ಹಿರೀಕರು, ಗುಲಾಮರಾಗಿದ್ದಾಗ. ಕಾಗದದಲ್ಲಿ ಅವರ ಹೆಸರಿಲ್ಲ, ಇಲ್ಲಿ ಕೈ ಇದೆ," ಎಂದಳು. ಬಿಳಿಯ ಮುದುಕಿಯೊಬ್ಬಳು ಬೆರಳಿಟ್ಟು ಅತ್ತೇಬಿಟ್ಟಳು.

ಆ ಇಟ್ಟಿಗೆಯನ್ನು ಅವಳಿಗೆ ಮೊದಲು ತೋರಿಸಿದ್ದು ಗಾರೆ ಕೆಲಸದ ನಾನು. ಈಗ ಆ ಟಿವಿಯವನು, ನ್ಯೂಯಾರ್ಕಿನ ಲ್ಯಾಂಗ್ಡನ್, ಅವಳ ಕಿವಿಯ ಹತ್ತಿರ ಏನೋ ಹೇಳುತ್ತಿದ್ದ, ಅವಳು ಕತ್ತು ವಾಲಿಸಿ ನಗುತ್ತಿದ್ದಳು. ಅವಳನ್ನು ಟಿವಿ ಕಾರ್ಯಕ್ರಮಕ್ಕೆ ಕರೆಯಲು ಬಂದಿದ್ದನಂತೆ. ಹೋದರೆ ಅಲ್ಲೇ ಇರಬೇಕಂತೆ.

ಆಮೇಲೆ ಚರ್ಚಿನ ಅಂಗಳದಲ್ಲಿ ಊಟ. ನಮ್ಮಲ್ಲಿ ಹೆಣ್ಣು ಯಾರಿಗೆ ತಟ್ಟೆ ಹಾಕಿಕೊಡುತ್ತಾಳೋ ಅವನೇ ಅವಳವನು. ವರ್ಡೆಲ್ ತಟ್ಟೆ ಎತ್ತಿಕೊಂಡಳು. ಕರಿದ ಕೋಳಿ ಹಾಕಿದಳು, ಸೊಪ್ಪು ಹಾಕಿದಳು. ನಾನು ಕೂದಲು ಸರಿಮಾಡಿಕೊಂಡೆ. ಅವಳು ನೇರ ಹೋಗಿ ಲ್ಯಾಂಗ್ಡನ್ ಕೈಗಿಟ್ಟಳು!

ಎದ್ದು ಹೊರಟೆ.

"ಎಲ್ಲಿಗೋ ಎಜೆಲ್, ಊಟ ಬಿಟ್ಟು?" ಚರ್ಚಿನ ಹಿರಿಯಜ್ಜಿ ಒಡೆಸ್ಸಾ ಕೋಲು ಅಡ್ಡ ಹಿಡಿದಳು.

"ಹಸಿವಿಲ್ಲ ಅಜ್ಜಿ."

"ಹೊಟ್ಟೆ ತುಂಬ ಕಿಚ್ಚಿದ್ರೆ ಹಸಿವೆಲ್ಲಿಂದ ಬರುತ್ತೆ? ಅವನು ಹೊರಗಿಂದ ಬಂದ ನೆಂಟ ಕಣೋ, ನೆಂಟರಿಗೆ ಮೊದಲು ಕೊಡ್ದೆ ಇರೋಕಾಗುತ್ತಾ? ಅಡುಗೆಮನೆಗೆ ಹೋಗಿ ಒಲೆ ಮೇಲೆ ನೋಡು, ಪೆದ್ದ."

ಒಲೆಯ ಮೇಲೊಂದು ತಟ್ಟೆ, ಅಲ್ಯೂಮಿನಿಯಂ ಹಾಳೆ ಮುಚ್ಚಿತ್ತು. ಮೇಲೆ ಅವಳ ಅಕ್ಷರ: "ಎಜೆಲ್‌ದು. ಯಾರೂ ಮುಟ್ಟಬೇಡಿ." ತೆರೆದರೆ, ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿಯ ಮೂಲೆ ತುಂಡು. ಕೆಂಪಗೆ ಗರಿಗರಿಯಾದ ಆ ಮೂಲೆಗೆ ನಮ್ಮಲ್ಲಿ ಅಣ್ಣತಮ್ಮಂದಿರೇ ಕಿತ್ತಾಡುತ್ತಾರೆ.

"ಜನ ಬರೋಕೆ ಮುಂಚೇನೇ ಎತ್ತಿಟ್ಟೆ," ಹಿಂದಿನಿಂದ ವರ್ಡೆಲ್ ಎಂದಳು. "ಪಾದ್ರಿಗಳೂ ಕೈ ಹಾಕಿದ್ರು. ಗದರಿಸಿದೆ."

"ಮತ್ತೆ ನ್ಯೂಯಾರ್ಕು?"

"ಕಾರ್ಯಕ್ರಮ ಮಾಡ್ತೀನಿ. ಈ ಗೋಡೆ ಮುಂದೇನೇ. ಕ್ಯಾಮೆರಾ ಅವರೇ ಹೊತ್ಕೊಂಡು ಬರ್ಲಿ."

"ಅವನ ಜೊತೆ ಅಷ್ಟು ನಗ್ತಿದ್ದೆ..."

"ಅಯ್ಯೋ, 'ಅಲ್ಲಿ ನಿಂತವನು ಯಾಕೆ ನನ್ನ ನುಂಗೋ ಹಾಗೆ ನೋಡ್ತಿದ್ದಾನೆ, ಯಾರವನು?' ಅಂದ. ನಗ್ದೆ ಇನ್ನೇನ್ ಮಾಡ್ಲಿ?"

"ನೀನೇನಂದೆ?"

ಅವಳ ಕಣ್ಣು ನನ್ನ ಕಣ್ಣಲ್ಲೇ ನಿಂತಿತು. "ನನ್ನೋನು ಅಂದೆ."

ಉಣ್ಣಲು ಕೂತೆ. ಅವಳೂ ಪಕ್ಕದಲ್ಲೇ ಕೂತು ನನ್ನ ತಟ್ಟೆಗೆ ಕೈ ಹಾಕಿದಳು. ಬೇರೆ ಯಾರೇ ಕೈ ಹಾಕಿದ್ದರೂ ನಾನು ಆ ಮೂಲೆ ತುಂಡು ಬಿಟ್ಟುಕೊಡುತ್ತಿರಲಿಲ್ಲ.